ಮಂಚ ಇಳಿಸದ ಊರು

ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ನಡೆಯಲಾರದವರನ್ನು ಮಂಚದ ಮೇಲೆ ಹೊರಬೇಕು. ಹೊತ್ತ ಮಂಚ ಯಾರ ನೆಲವನ್ನು ಮುಟ್ಟುತ್ತದೋ ಅವರು ಆ ಮಂಚದ ಮೇಲಿನವರನ್ನು ಸಾಯುವವರೆಗೂ ಸಾಕಬೇಕು. ಈ ಕಟ್ಟಳೆಯನ್ನು ಮಾಡಿದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದುಕೊಳ್ಳುವ ಹಾಗೆ ಅದನ್ನು ಪಾಲಿಸುತ್ತಿದ್ದರು.

ಬಹಳ ಕಾಲ ಈ ಕಟ್ಟಳೆ ಯಾರಿಗೂ ಭಾರವಾಗಿರಲಿಲ್ಲ. ಹೊರುವವರು ದೊಡ್ಡೂರಿನಿಂದ ಬರುತ್ತಿದ್ದರು. ದೊಡ್ಡೂರನ್ನು ಕಣ್ಣಾರೆ ಕಂಡವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಗಡಿಕಲ್ಲಿನ ಆಚೆ, ಬಯಲು ಮುಗಿಯುವಲ್ಲಿ, ಅದು ಯಾವಾಗಲೂ ಮಂಜಿನ ಹಿಂದೆ ಇತ್ತು. ಬೆಳಗಾಗುತ್ತಲೇ ಮಂಜಿನೊಳಗಿಂದ ಬಿಳಿ ರುಮಾಲಿನವರು ನಾಲ್ವರು ನಾಲ್ವರಾಗಿ ಬರುತ್ತಿದ್ದರು. ನಡೆಯಲಾರದವರ ಮನೆಯ ಮುಂದೆ ಬಿಳಿ ಕಲ್ಲಿನ ಒಂದೊಂದು ಕಟ್ಟೆ ಇತ್ತು. ಹೊಳೆಯ ದಂಡೆಯಲ್ಲೂ ಅಂಥವೇ ಕಟ್ಟೆಗಳಿದ್ದವು. ಆ ಕಲ್ಲು ದೊಡ್ಡೂರಿನದು. ಮಂಚ ಕಟ್ಟೆಯಿಂದ ಏಳುತ್ತಿತ್ತು, ಕಟ್ಟೆಯ ಮೇಲೆಯೇ ಇಳಿಯುತ್ತಿತ್ತು. ಹಾಗಾಗಿ ನಡೆಯಲಾರದವರೆಲ್ಲ ದೊಡ್ಡೂರಿನ ಪಾಲಿನವರು. ಅವರ ಗಂಜಿ ದೊಡ್ಡೂರಿನದು, ಅವರ ಹೊದಿಕೆ ದೊಡ್ಡೂರಿನದು.

ತಿಪ್ಪವ್ವ ಅವರಲ್ಲಿ ಒಬ್ಬಳು. ಅವಳು ಹಗ್ಗ ಹೊಸೆಯುವವಳು. ಒಂದು ದಿನ ಹುಣಸೆಮರದ ಕೆಳಗೆ ಕೂತು ಹೊಸೆಯುತ್ತಿದ್ದವಳಿಗೆ ಏಳಲು ಆಗಲಿಲ್ಲ. ಎರಡೂ ಕಾಲು ಸೊಂಟದಿಂದ ಕೆಳಗೆ ಬೇರೆ ಯಾರದೋ ಆಗಿಬಿಟ್ಟಿದ್ದವು. ಅವಳು ಯಾರಿಗೂ ಹೇಳಿ ಕಳಿಸಲಿಲ್ಲ. ಮರುದಿನ ಬೆಳಿಗ್ಗೆ ನಾಲ್ವರು ಬಿಳಿ ರುಮಾಲಿನವರು ಮಂಚ ಹೊತ್ತು ಅವಳ ಬಾಗಿಲಿಗೆ ಬಂದರು. ಅವಳ ಹೆಸರು ಕೇಳಲಿಲ್ಲ. "ಹನ್ನೊಂದು" ಎಂದರು. ಅದು ಹನ್ನೊಂದನೆಯ ಮಂಚ.

ದಿನವೂ ಹೊಳೆಗೆ ಒಯ್ಯುತ್ತಿದ್ದರು. ದಿನವೂ ಮೀಯಿಸುತ್ತಿದ್ದರು. ಚಳಿ ಇದ್ದರೂ ತಣ್ಣೀರು, ಜ್ವರ ಇದ್ದರೂ ತಣ್ಣೀರು. ಗಂಜಿಗೆ ಎಲ್ಲರಿಗೂ ಒಂದೇ ಉಪ್ಪು. ತಿಪ್ಪವ್ವ ಬೈಯುತ್ತಿದ್ದಳು. ಅವರು ತಿರುಗಿ ಮಾತಾಡುತ್ತಿರಲಿಲ್ಲ. ಕೇಳಿಸುತ್ತದೋ ಇಲ್ಲವೋ ಅದೂ ತಿಳಿಯುತ್ತಿರಲಿಲ್ಲ. ಆದರೆ ಮರುದಿನ ಮತ್ತೆ ಬರುತ್ತಿದ್ದರು. ಬಾರದೆ ಇದ್ದ ದಿನ ಒಂದೂ ಇರಲಿಲ್ಲ.

ಊರಿನವರಿಗೆ ಇದು ಸರಿ ಕಾಣುತ್ತಿರಲಿಲ್ಲ. ಚಾವಡಿಯಲ್ಲಿ ಕೂತಾಗ ಊರ ಯಜಮಾನ ಹೇಳುತ್ತಿದ್ದ, "ನಮ್ಮ ಮಂದಿನ್ನ ಅವರು ಮೂಟಿ ಹೊತ್ತಂಗ ಹೊರ್ತಾರ. ಹೆಸರು ಹಿಡಿದು ಕರಿಯೂದಿಲ್ಲ. ನಮ್ಮ ಕೈಗೆ ಕೊಟ್ರ ಹೂವಿನಂಗ ಹೊರ್ತಿದ್ವಿ." ಕೇಳಿದವರು ತಲೆಯಾಡಿಸುತ್ತಿದ್ದರು. ಅದು ಸುಳ್ಳಾಗಿರಲಿಲ್ಲ. ಹಾಗೆ ಹೇಳುವಾಗ ಯಜಮಾನನ ಕಣ್ಣು ತುಂಬಿಕೊಳ್ಳುತ್ತಿತ್ತು.

ಒಂದು ದಿನ ಬಿಳಿ ರುಮಾಲಿನವರ ಬದಲು ಒಬ್ಬ ಓಲೆಕಾರ ಬಂದ. ಮೆತ್ತಗೆ ಮಾತಾಡುವ ಮನುಷ್ಯ. ಚಾವಡಿಯಲ್ಲಿ ನಿಂತು ಓಲೆ ಬಿಚ್ಚಿ ಓದಿದ: "ಇಂದಿನಿಂದ ನಿಮ್ಮವರನ್ನು ನೀವೇ ಹೊರುವಿರಿ. ನಿಮ್ಮವರ ಹೆಸರು ನಿಮಗೆ ಗೊತ್ತು. ಅವರ ನೋವು ನಿಮಗೆ ಹತ್ತಿರ. ದೂರದವರ ಹೆಗಲಿಗಿಂತ ಹತ್ತಿರದವರ ಹೆಗಲು ಮೆತ್ತಗೆ."

ಜನಕ್ಕೆ ಸಂತೋಷವಾಯಿತು. ಯಜಮಾನನ ಕೊರಳಿಗೆ ಮಾಲೆ ಬಿತ್ತು. ಡೊಳ್ಳು ಬಾರಿಸಿದರು.

ಗುಂಪಿನ ಹಿಂದೆ ಹುಲಿಗೆವ್ವ ನಿಂತಿದ್ದಳು. ಊರ ಹೊರಗಿನ ಭಟ್ಟಿಯಲ್ಲಿ ಇಟ್ಟಿಗೆ ಹೊರುವವಳು. ಗಂಡ ತೀರಿಕೊಂಡ ಮೇಲೆ ಭಟ್ಟಿಯ ಪಕ್ಕದ ತಗಡಿನ ಗುಡಿಸಲಲ್ಲಿ ಒಬ್ಬಳೇ ಇದ್ದಳು. ಗುಡಿಸಲು ಅವಳದು, ನೆಲ ಭಟ್ಟಿಯ ಧಣಿಯದು. ತಲೆಯ ಮೇಲಿನ ಇಟ್ಟಿಗೆ ಇಳಿಸದೆಯೇ ಅವಳು ಕೇಳಿದಳು.

"ಗಂಜಿ ಹೆಂಗ್ರಿ?"

"ಗಂಜಿಯ ಕಡಾಯಿ ನಿಮಗೇ ಬಿಟ್ಟುಕೊಟ್ಟಿದ್ದಾರೆ" ಎಂದ ಓಲೆಕಾರ.

"ಅಕ್ಕಿ?"

"ಕಡಾಯಿ ಬಹಳ ದೊಡ್ಡದು" ಎಂದ ಓಲೆಕಾರ. "ಗಟ್ಟಿ ತಾಮ್ರದ್ದು. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ."

ಹುಲಿಗೆವ್ವ ಹೊರಟಳು. ಭಟ್ಟಿಗೆ ಹೊತ್ತಾಗಿತ್ತು.

ಮಧ್ಯಾಹ್ನ ಗಾಡಿಗಳು ಬಂದವು. ಬಿಳಿ ರುಮಾಲಿನವರು ಮನೆಗಳ ಮುಂದಿನ ಕಟ್ಟೆಗಳನ್ನು ಕಿತ್ತು ಗಾಡಿಗೆ ಹೇರಿದರು. ಹೊಳೆದಂಡೆಯ ಕಟ್ಟೆಗಳನ್ನೂ ಹೇರಿದರು. ಕಲ್ಲು ದೊಡ್ಡೂರಿನದು. ಕಲ್ಲು ಇದ್ದಲ್ಲೆಲ್ಲ ಹುಲ್ಲು ಬೆಳೆಯದ ಬೆಳ್ಳನೆಯ ನೆಲ ಉಳಿಯಿತು. ಅಲ್ಲಿದ್ದ ಜಿರಳೆಗಳು ದಿಕ್ಕು ತಪ್ಪಿ ಓಡಾಡಿದವು.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಊರಿನವರೇ ಮಂಚಕ್ಕೆ ಹೆಗಲು ಕೊಟ್ಟರು. ಹೊಳೆಯಿಂದ ಬಂದ ಮೇಲೆ ಮಂಚಗಳನ್ನು ಚಾವಡಿಯ ನೆಲದಲ್ಲಿ ಇಳಿಸುತ್ತಿದ್ದರು. ಚಾವಡಿ ಇಡೀ ಊರಿನದು, ಹಾಗಾಗಿ ಇಡೀ ಊರು ಸಾಕುತ್ತಿತ್ತು. "ತಿಪ್ಪವ್ವಾ, ನೀರು ಬೆಚ್ಚಗೈತೇನು?" ಎಂದು ಕೇಳುತ್ತಿದ್ದರು. ಗಂಜಿಗೆ ಅವಳು ಕೇಳಿದಷ್ಟು ಉಪ್ಪು ಹಾಕುತ್ತಿದ್ದರು. ಒಂದು ದಿನ ಯಾರೋ ಮಾವಿನ ಉಪ್ಪಿನಕಾಯಿ ತಂದು ಅವಳ ಅಂಗೈಗೆ ಇಟ್ಟರು. ತಿಪ್ಪವ್ವ ಅದನ್ನು ತಿನ್ನದೆ ಬಹಳ ಹೊತ್ತು ನೋಡುತ್ತ ಕೂತಳು. ಬಿಳಿ ರುಮಾಲಿನವರ ಕಾಲದಲ್ಲಿ ಉಪ್ಪಿನಕಾಯಿ ಇರಲಿಲ್ಲ.

ಮಳೆಗಾಲ ಕಳೆದ ಮೇಲೆ ಕಡಾಯಿಯ ತಳ ಕಾಣತೊಡಗಿತು. ಯಜಮಾನ ನಾಲ್ಕು ಓಣಿಯ ಹಿರಿಯರನ್ನು ಕರೆಸಿದ. ಮೇಲಿನ ಓಣಿಯ ಹಿರಿಯ ಬಂದ, ಕುಂಬಾರ ಓಣಿಯ ಹಿರಿಯ ಬಂದ, ಗಾಣಿಗರ ಓಣಿಯ ಹಿರಿಯ ಬಂದ, ಕೆಳಗಿನ ಓಣಿಯ ಹಿರಿಯ ಬಂದ. ಯಜಮಾನ ಎದ್ದು ನಿಂತು ಹೇಳಿದ: "ಇನ್ನು ಮ್ಯಾಲ ನಿಮ್ಮ ಓಣಿಯವರನ್ನ ನೀವ ಹೊರ್ರಿ. ಅವರ ನೋವು ನಿಮಗ ಹತ್ತಿರ." ಓಲೆಕಾರನ ಮಾತುಗಳೇ. ಹಿರಿಯರ ಕೊರಳಿಗೂ ಮಾಲೆ ಬಿದ್ದವು. ಅವತ್ತು ಸಂಜೆ ಚಾವಡಿಯ ಬಾಗಿಲಿಗೆ ಅಗಳಿ ಹಾಕಿದರು.

ತಿಪ್ಪವ್ವ ಹುಟ್ಟಿದ್ದು ಕುಂಬಾರ ಓಣಿಯಲ್ಲಿ. ಮದುವೆಯಾಗಿ ಹೋಗಿದ್ದು ಗಾಣಿಗರ ಓಣಿಗೆ. ಹಗ್ಗ ಹೊಸೆದದ್ದು ಮೇಲಿನ ಓಣಿಯ ಹುಣಸೆಮರದ ಕೆಳಗೆ. ಕಡೆಗೆ ಬಾಡಿಗೆ ಕೋಣೆ ಹಿಡಿದು ಇದ್ದದ್ದು ಕೆಳಗಿನ ಓಣಿಯಲ್ಲಿ.

"ಗಂಡನ ಮನಿ ಆಕಿ ಮನಿ" ಎಂದ ಕುಂಬಾರ ಓಣಿಯ ಹಿರಿಯ.

"ಗಂಡ ಸತ್ತು ಎಷ್ಟು ವರ್ಷ ಆತು" ಎಂದ ಗಾಣಿಗರ ಓಣಿಯ ಹಿರಿಯ. "ಕಾಲು ಹೋಗಿದ್ದು ಹುಣಸಿಮರದ ಕೆಳಗ."

"ಆಕಿ ಹೊಸೆದ ಹಗ್ಗ ಹರಿದು ನಮ್ಮಜ್ಜ ಬಾವಿಗೆ ಬಿದ್ದಿದ್ದ" ಎಂದ ಮೇಲಿನ ಓಣಿಯ ಹಿರಿಯ. "ನಾವು ಅದನ್ನ ಮನಸ್ಸಿನ್ಯಾಗ ಇಟ್ಕೊಂಡಿಲ್ಲ. ಮಾತಿಗೆ ಹೇಳಿದೆ."

"ಬಾಡಿಗಿ ಇದ್ದವರು ಓಣಿಯವರು ಆಗ್ತಾರೇನು?" ಎಂದ ಕೆಳಗಿನ ಓಣಿಯ ಹಿರಿಯ.

ಬಿಳಿ ರುಮಾಲಿನವರಿಗೆ ತಿಪ್ಪವ್ವನ ಹೆಸರು ಗೊತ್ತಿರಲಿಲ್ಲ. ಅವಳ ಹಗ್ಗವೂ ಗೊತ್ತಿರಲಿಲ್ಲ. ಇವರಿಗೆ ಎಲ್ಲವೂ ಗೊತ್ತಿತ್ತು.

ಹನ್ನೊಂದು ಮಂಚಗಳಿಗೂ ಇಂಥದೇ ಮಾತು ನಡೆಯಿತು. ಯಾರೂ ಜಗಳವಾಡಲಿಲ್ಲ. ಹೊರಲು ಯಾರೂ ಒಲ್ಲೆ ಎನ್ನಲಿಲ್ಲ. ಇಳಿಸಲು ಯಾರೂ ಒಪ್ಪಲಿಲ್ಲ.

ಅಂದಿನಿಂದ ಮಂಚಗಳು ಸುತ್ತತೊಡಗಿದವು. ಮೇಲಿನ ಓಣಿಯವರು ಹೊತ್ತು ನಾಲ್ಕು ಓಣಿ ಕೂಡುವ ಚೌಕಕ್ಕೆ ತರುತ್ತಿದ್ದರು. ಅಲ್ಲಿ ಕುಂಬಾರ ಓಣಿಯವರು ಹೆಗಲು ಕೊಡುತ್ತಿದ್ದರು. ಅವರು ತಮ್ಮ ಓಣಿಯನ್ನು ಒಂದು ಸುತ್ತು ಹಾಕಿ ಗಾಣಿಗರ ಓಣಿಯವರಿಗೆ, ಗಾಣಿಗರ ಓಣಿಯವರು ಕೆಳಗಿನ ಓಣಿಯವರಿಗೆ, ಕೆಳಗಿನ ಓಣಿಯವರು ಮತ್ತೆ ಮೇಲಿನ ಓಣಿಯವರಿಗೆ. ಹೆಗಲಿನಿಂದ ಹೆಗಲಿಗೆ ಮಂಚ ಹೋಗುವಾಗ ಎಲ್ಲರೂ ಉಸಿರು ಹಿಡಿಯುತ್ತಿದ್ದರು. ಮಂಚದ ಒಂದು ಕಾಲು ನೆಲಕ್ಕೆ ತಾಗಿದರೆ ಮುಗಿಯಿತು. ಹಗಲು ಸುತ್ತುತ್ತಿದ್ದವು, ಇರುಳು ಸುತ್ತುತ್ತಿದ್ದವು. ಮನೆಯಲ್ಲಿ ಮಲಗಿದವರಿಗೆ ಹೊತ್ತವರ ಹೆಜ್ಜೆಯ ಸಪ್ಪಳ ಕೇಳಿಸುತ್ತಿತ್ತು. ಕೆಲವು ದಿನಗಳ ಮೇಲೆ ಕೇಳಿಸುವುದು ನಿಂತಿತು. ಸಪ್ಪಳ ಇತ್ತು, ಕೇಳಿಸುವುದು ನಿಂತಿತು.

ನಡೆಯುವ ಮಂಚಕ್ಕೆ ಉಣ್ಣಿಸಿದರೆ ಕಟ್ಟಳೆ ಮೈಮೇಲೆ ಬರುವುದಿಲ್ಲ. ಹಾಗಾಗಿ ಬಾಗಿಲಲ್ಲಿ ನಿಂತ ಹೆಂಗಸರು ಮಂಚ ಹಾಯುವಾಗ ಒಂದೊಂದು ತುತ್ತು ಕೊಡುತ್ತಿದ್ದರು. ಕೊಡುವ ಕೈಗೆ ರೂಢಿಯಾಯಿತು, ಇಸಿದುಕೊಳ್ಳುವ ಕೈಗೂ ರೂಢಿಯಾಯಿತು. ತಿಪ್ಪವ್ವ ಒಂದು ತುತ್ತನ್ನು ಕುಂಬಾರ ಓಣಿಯಲ್ಲಿ ಬಾಯಿಗಿಟ್ಟು ಗಾಣಿಗರ ಓಣಿಯಲ್ಲಿ ನುಂಗುತ್ತಿದ್ದಳು. ಮೊದಲು ಅವಳು ದಾರಿಯುದ್ದಕ್ಕೂ ಬೈಯುತ್ತಿದ್ದಳು. ಆಮೇಲೆ ಬೈಯುವುದನ್ನು ಬಿಟ್ಟಳು.

ಹುಲಿಗೆವ್ವನನ್ನು ಕೆಳಗಿನ ಓಣಿಯವರು ಹೆಗಲಿಗೆ ಕರೆದರು. ಅವಳ ಕುತ್ತಿಗೆ ಗಟ್ಟಿ ಇತ್ತು. ಬೆಳಿಗ್ಗೆ ಭಟ್ಟಿಯಲ್ಲಿ ಇಟ್ಟಿಗೆ ಹೊರುತ್ತಿದ್ದಳು, ಮಧ್ಯಾಹ್ನದ ಮೇಲೆ ತಿಪ್ಪವ್ವನ ಮಂಚದ ಹಿಂದಿನ ಬಲಗಾಲಿಗೆ ಹೆಗಲು ಕೊಡುತ್ತಿದ್ದಳು. ಇಟ್ಟಿಗೆಗೂ ಮಂಚಕ್ಕೂ ನಡುವೆ ಎಷ್ಟೋ ದಿನ ಅವಳಿಗೆ ವ್ಯತ್ಯಾಸ ತಿಳಿಯಲಿಲ್ಲ.

ಹೀಗಿರುವಾಗ ಮೂರನೆಯ ಮಂಚದ ಮೇಲಿನ ಬಣ್ಣಗಾರ ಸತ್ತ. ಬಟ್ಟೆಗೆ ಬಣ್ಣ ಹಾಕುತ್ತಿದ್ದ ಮುದುಕ, ಕಣ್ಣೂ ಇಲ್ಲ, ಸೊಂಟವೂ ಇಲ್ಲ. ಗಾಣಿಗರ ಓಣಿ ಮುಗಿದು ಕೆಳಗಿನ ಓಣಿ ಶುರುವಾಗುವಲ್ಲಿ ಪ್ರಾಣ ಬಿಟ್ಟಿದ್ದ. ಸತ್ತವರಿಗೆ ಕಟ್ಟಳೆ ಇಲ್ಲ. ಸುದ್ದಿ ತಿಳಿಯುತ್ತಲೇ ನಾಲ್ಕು ಓಣಿಯವರೂ ಬಂದರು. "ನಮ್ಮಲ್ಲಿ ಇಳಸ್ರಿ" ಎಂದರು ಗಾಣಿಗರ ಓಣಿಯವರು. "ನಮ್ಮ ಅಂಗಳದಾಗ ಇಳಸ್ರಿ" ಎಂದರು ಕುಂಬಾರ ಓಣಿಯವರು. ಮೇಲಿನ ಓಣಿಯ ಹಿರಿಯ ತಾನೇ ಬಂದು ಮಂಚದ ಕಾಲು ಹಿಡಿದುಕೊಂಡ. "ಇಂವ ನಮ್ಮಂವ. ನನ್ನ ಮದುವಿ ರುಮಾಲಿಗೆ ಬಣ್ಣ ಹಾಕಿದಂವ" ಎಂದು ಅತ್ತ. ಆ ಅಳುವೂ ಸುಳ್ಳಾಗಿರಲಿಲ್ಲ. ಕಡೆಗೆ ನಾಲ್ಕು ಓಣಿಯ ನೆಲದಲ್ಲೂ ಸ್ವಲ್ಪ ಸ್ವಲ್ಪ ಹೊತ್ತು ಇಳಿಸಿ, ಡೊಳ್ಳು ಬಾರಿಸಿ ಮಣ್ಣು ಮಾಡಿದರು.

ತಿಪ್ಪವ್ವನ ಮಂಚ ಅದೇ ಹೊತ್ತಿಗೆ ಚೌಕ ಹಾಯುತ್ತಿತ್ತು. ಅವಳು ಮೊಣಕೈ ಊರಿ ಎದ್ದು ಎಲ್ಲವನ್ನೂ ನೋಡಿದಳು.

"ಸತ್ತ ಮ್ಯಾಲ ಇಳಸ್ತಾರ" ಎಂದಳು.

ಯಾರಿಗೆ ಹೇಳಿದಳೋ. ಹಿಂದಿನ ಬಲಗಾಲಿನ ಹತ್ತಿರ ಇದ್ದ ಹುಲಿಗೆವ್ವನಿಗೆ ಕೇಳಿಸಿತು.

"ಹೌದವ್ವಾ" ಎಂದಳು ಹುಲಿಗೆವ್ವ.

ಅವರಿಬ್ಬರ ನಡುವೆ ಆದ ಮೊದಲ ಮಾತು ಅದು.

ಆಮೇಲೆ ಮಂಚಗಳು ಬೇಗ ಬೇಗ ಕಡಿಮೆಯಾದವು. ಪ್ರತಿ ಸಲವೂ ಡೊಳ್ಳು ಇತ್ತು, ಪ್ರತಿ ಸಲವೂ ನಾಲ್ಕು ಓಣಿಯ ನೆಲ ಇತ್ತು. ಹೊರುವವರೂ ಕಡಿಮೆಯಾದರು. ಒಬ್ಬನಿಗೆ ಗದ್ದೆ ಕೆಲಸ, ಒಬ್ಬನಿಗೆ ಬೆನ್ನು ನೋವು, ಒಬ್ಬ ಏನೂ ಹೇಳದೆ ಬರುವುದನ್ನು ಬಿಟ್ಟ. ಮಂಚಕ್ಕೆ ನಾಲ್ವರು ಬೇಕು, ಜೋಲಿಗೆ ಇಬ್ಬರು ಸಾಕು ಎಂದು ಹಿರಿಯರು ತೀರ್ಮಾನ ಮಾಡಿದರು. ಮಂಚದ ಬದಲು ಮೈ ನೆಲ ಮುಟ್ಟಿದರೂ ಅದೇ ಕಟ್ಟಳೆ ಎಂದರು. ತಿಪ್ಪವ್ವನನ್ನು ಜೋಲಿಗೆ ಹಾಕಿದರು. ಅವಳ ಮಂಚವನ್ನು ಒಡೆದು ಒಲೆಗೆ ಹಂಚಿಕೊಂಡರು. ಇನ್ನೂ ಕೆಲವು ದಿನಗಳಾದ ಮೇಲೆ ಬೆನ್ನಿಗೆ ಕಟ್ಟಿದರೆ ಒಬ್ಬರು ಸಾಕು ಎಂದರು. ತಿಪ್ಪವ್ವ ಅಷ್ಟು ಹಗುರಾಗಿದ್ದಳು.

ಹೀಗೆ ಅವಳು ಹುಲಿಗೆವ್ವನ ಬೆನ್ನಿಗೆ ಬಂದಳು.

ಬೆನ್ನಿನ ಮೇಲೆ ಇರುವವರ ಉಸಿರು ಕಿವಿಗೆ ತಾಗುತ್ತದೆ. ಇಟ್ಟಿಗೆಗೆ ಉಸಿರಿಲ್ಲ. ಮೊದಲ ದಿನ ಹುಲಿಗೆವ್ವನಿಗೆ ಅದನ್ನು ಸಹಿಸಲಾಗಲಿಲ್ಲ. ಎರಡನೆಯ ದಿನ ಅವಳು ಆ ಉಸಿರಿನ ಜೊತೆಗೆ ಹೆಜ್ಜೆ ಹಾಕತೊಡಗಿದಳು.

"ಭಾರ ಆಗ್ತೈತೇನು?" ಎಂದಳು ತಿಪ್ಪವ್ವ.

"ಇಲ್ಲ."

"ಸುಳ್ಳು ಹೇಳಬ್ಯಾಡ."

"ಗೊತ್ತಾಗವಲ್ದವ್ವಾ. ಬೆನ್ನು ಐತೋ ಇಲ್ಲೋ ಗೊತ್ತಾಗವಲ್ದು."

ಒಂದು ಮಧ್ಯಾಹ್ನ ಚೌಕದಲ್ಲಿ ಮುಂದಿನ ಹೆಗಲು ಇರಲಿಲ್ಲ. ಮೇಲಿನ ಓಣಿಯಿಂದ ಬರಬೇಕಾದವನು ಬಂದಿರಲಿಲ್ಲ. ಹುಲಿಗೆವ್ವ ಕಾದಳು. ಭಟ್ಟಿಯ ಮೂರನೆಯ ಪಾಳಿಯ ಗಂಟೆ ಬಾರಿಸಿತು. ಅವಳು ಮೇಲಿನ ಓಣಿಗೆ ನಡೆದಳು. ಹಿರಿಯ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ.

"ಹೆಗಲು ಬಂದಿಲ್ರಿ" ಎಂದಳು.

"ಬರ್ತಾರ. ನಡೀತಾ ಇರು."

"ಎಲ್ಲಿಗೆ ನಡೀಲಿ?"

"ನಿಂತ್ರ ನೆಲ ಕೇಳತೈತಿ. ನಡೀತಾ ಇರವ್ವ. ನಾವೇನು ಒಲ್ಲೆ ಅಂದಿಲ್ಲಲ್ಲ." ಅವನು ಒಳಗೆ ಕೂಗಿ ಒಂದು ಚೊಂಬು ಮಜ್ಜಿಗೆ ತರಿಸಿದ. ತಿಪ್ಪವ್ವನಿಗೂ ಕುಡಿಸಿದ, ಹುಲಿಗೆವ್ವನಿಗೂ ಕುಡಿಸಿದ. ಹುಲಿಗೆವ್ವ ನಿಂತೇ ಕುಡಿದಳು, ತಿಪ್ಪವ್ವ ಬೆನ್ನ ಮೇಲಿಂದಲೇ ಕುಡಿದಳು. ತಿಪ್ಪವ್ವನ ಹೆಬ್ಬೆರಳು ಜಗಲಿಗೆ ತಾಗದಂತೆ ಅವನು ಒಂದು ಕೈಯಿಂದ ಅವಳ ಕಾಲನ್ನು ಎತ್ತಿ ಹಿಡಿದಿದ್ದ.

ಉಳಿದ ಓಣಿಗಳಲ್ಲೂ ಹಾಗೆಯೇ ಆಯಿತು. ಒಬ್ಬರು ರೊಟ್ಟಿ ಕೊಟ್ಟರು. ಒಬ್ಬರು ತಿಪ್ಪವ್ವನ ಜಡೆ ಬಿಗಿದು ಕಟ್ಟಿದರು. "ನಿನಗ ಆಕಿ ರೂಢಿ ಆಗ್ಯಾಳ, ಆಕಿಗೆ ನೀನು ರೂಢಿ ಆಗೀದಿ" ಎಂದ ಗಾಣಿಗರ ಓಣಿಯ ಹಿರಿಯ. ಊರ ಯಜಮಾನ, "ಅದು ಓಣಿಯವರ ಕೆಲಸ" ಎಂದ. ಬಾಗಿಲು ಮುಚ್ಚುವಾಗ ಮೆಲ್ಲಗೆ ಮುಚ್ಚಿದ.

ಹುಲಿಗೆವ್ವ ಊರು ದಾಟಿ ನಡೆದಳು. ಬಯಲಿನಲ್ಲಿ ಗಡಿಕಲ್ಲಿನ ಆಚೆ ಒಬ್ಬ ಬಿಳಿ ರುಮಾಲಿನವನು ಕಾವಲು ನಿಂತಿದ್ದ. ಅವನ ಹಿಂದೆ ಮಂಜು ಇತ್ತು. ಅವನಿಗೆ ಈಗ ಬೇರೆ ಕೆಲಸ ಇರಲಿಲ್ಲ. ಮೊದಲು ಹೊರುತ್ತಿದ್ದವರನ್ನೆಲ್ಲ ಗಡಿ ಕಾಯುವುದಕ್ಕೆ ಹಾಕಿದ್ದರು.

ಅವನು ತಿಪ್ಪವ್ವನನ್ನು ನೋಡಿದ. "ಹನ್ನೊಂದು" ಎಂದ.

"ನೀನು ಮುಂದಿನ ಎಡಗಾಲಿನಂವ" ಎಂದಳು ತಿಪ್ಪವ್ವ. "ನಿನ್ನ ಕಡೆ ಮಂಚ ಯಾವಾಗಲೂ ಒಂದು ಬೆರಳು ಇಳೀತಿತ್ತು. ನನಗ ಗೊತ್ತು."

ಅವನ ಹೆಗಲು ತಾನಾಗಿಯೇ ಮುಂದಕ್ಕೆ ಬಾಗಿತು. ಹುಲಿಗೆವ್ವ ಗಂಟು ಸಡಿಲಿಸಲು ಕೈ ಹಾಕಿದಳು. ಅಷ್ಟರಲ್ಲಿ ಅವನಿಗೆ ತನ್ನ ಹೆಗಲು ಬಾಗಿದ್ದು ಗೊತ್ತಾಯಿತು. ಅವನು ನೆಟ್ಟಗೆ ನಿಂತ.

"ಅಪ್ಪಣೆ ಇಲ್ಲ" ಎಂದ. "ಈಗ ಅದು ನಿಮ್ಮೂರಿನದು."

"ಇಲ್ಲೇ ಕಲ್ಲಿನ ಮ್ಯಾಲ ಇಳಸ್ತೀನಿ" ಎಂದಳು ಹುಲಿಗೆವ್ವ. "ಕಲ್ಲು ಯಾರದು?"

"ಆ ಮುಖ ನಿಮ್ಮದು. ಈ ಮುಖ ನಮ್ಮದು."

"ನಡುವ?"

ಅವನು ಬಹಳ ಹೊತ್ತು ಯೋಚಿಸಿದ. ಯಾರಾದರೂ ಇಷ್ಟು ಹೊತ್ತು ಯೋಚಿಸಿದ್ದನ್ನು ಹುಲಿಗೆವ್ವ ಈಚೆಗೆ ನೋಡಿರಲಿಲ್ಲ. ಕಡೆಗೆ ಅವನು, "ನಡುವೆ ಕೂರುವಷ್ಟು ಜಾಗ ಇಲ್ಲ" ಎಂದ. ರುಮಾಲು ಬಿಚ್ಚಿ ಅವಳ ಕೈಗೆ ಕೊಟ್ಟ. "ಗಂಟು ಭುಜ ಕೊಯ್ಯುತ್ತಿದೆ. ಇದನ್ನು ಒಳಗೆ ಇಟ್ಟುಕೊಳ್ಳಿ." ಬರಿದಲೆಯಲ್ಲಿ ಅವನು ಬಹಳ ಚಿಕ್ಕವನಾಗಿ ಕಂಡ.

ಹುಲಿಗೆವ್ವ ಹಿಂದಿರುಗಿದಳು. ಬಯಲು ಮುಗಿಯಿತು, ಭಟ್ಟಿ ಬಂತು. ಭಟ್ಟಿಯ ಧಣಿ ಗುಡಿಸಲ ಮುಂದೆ ನಿಂತಿದ್ದ. ಅವಳು ಒಳಗೆ ಹೋಗಬಾರದೆಂದು ಬಾಗಿಲಿಗೆ ಅಡ್ಡವಾಗಿ ಒಂದು ಬಿದಿರು ಕಟ್ಟಿಸಿದ್ದ. "ನಿನ್ನ ಮ್ಯಾಲ ಸಿಟ್ಟಿಲ್ಲ. ಆಕಿನ್ನ ಬಿಟ್ಟು ಬಾ, ಬಿದಿರು ತಗೀತೀನಿ" ಎಂದ.

ಹುಲಿಗೆವ್ವ ಚೌಕಕ್ಕೆ ಬಂದಳು. ಬಿಸಿಲು ಇನ್ನೂ ಇತ್ತು. ನಾಲ್ಕು ಓಣಿಗಳೂ ನಾಲ್ಕು ದಿಕ್ಕಿಗೆ ಹೋಗಿದ್ದವು. ಅವಳು ಗಂಟು ಬಿಚ್ಚಿ ತಿಪ್ಪವ್ವನನ್ನು ಮುಂದಕ್ಕೆ ಎಳೆದುಕೊಂಡು ಎರಡು ತೋಳಲ್ಲಿ ಹಿಡಿದಳು. ಆಮೇಲೆ ಮೊಣಕಾಲು ಮಡಿಸಿ, ಕಾಲು ಚಾಚಿ, ಚೌಕದ ನಡುವೆ ಕೂತಳು. ತಿಪ್ಪವ್ವ ಅವಳ ಮಡಿಲಲ್ಲಿದ್ದಳು. ತಿಪ್ಪವ್ವನ ಮೈಯ ಯಾವ ಭಾಗವೂ ನೆಲ ಮುಟ್ಟಿರಲಿಲ್ಲ.

ಜನ ಸೇರಿದರು. ಹಿರಿಯರು ಬಂದರು, ಯಜಮಾನ ಬಂದ. ಅವರು ಸುತ್ತಲೂ ಬಗ್ಗಿ ನೋಡಿದರು. ಒಬ್ಬ ನೆಲಕ್ಕೆ ಕೆನ್ನೆ ಹಚ್ಚಿ, ತಿಪ್ಪವ್ವನ ಹಿಮ್ಮಡಿಗೂ ಮಣ್ಣಿಗೂ ನಡುವೆ ಬೆಳಕು ಹಾಯುವುದನ್ನು ನೋಡಿ ತಲೆಯಾಡಿಸಿದ.

"ಎದ್ದು ನಡಿಯವ್ವ" ಎಂದ ಯಜಮಾನ.

"ಆಗೂದಿಲ್ರಿ."

"ಯಾಕ?"

"ಸಾಕಾತು" ಎಂದಳು ಹುಲಿಗೆವ್ವ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಹೊತ್ತು ಎಷ್ಟಾಯಿತು ಎಂದು ಕೇಳಿದವರಿಗೆ ಹೇಳುವ ಹಾಗೆ ಹೇಳಿದಳು.

ಹಿರಿಯರು ಪಕ್ಕಕ್ಕೆ ಹೋಗಿ ಮಾತಾಡಿದರು. ನಾಲ್ಕು ಓಣಿಯೂ ಚೌಕದ ನಡುವೆ ಒಂದಕ್ಕೊಂದು ತಾಗುತ್ತವೆ. ನಾಳೆ ಇವಳ ತೋಳು ಸೋತು ಆ ಕಾಲು ನೆಲಕ್ಕೆ ಬಿದ್ದರೆ ಯಾರ ನೆಲ ಎಂಬ ಮಾತು ಬರುತ್ತದೆ. ಅವರು ಸುಣ್ಣ ತರಿಸಿದರು. ಮೇಲಿನ ಓಣಿಯವರು ತಮ್ಮ ಗಡಿಯನ್ನು ಎಂಟು ಹೆಜ್ಜೆ ಹಿಂದಕ್ಕೆ ಸರಿಸಿ ಗೆರೆ ಎಳೆದರು. ಕುಂಬಾರ ಓಣಿಯವರು ಎಂಟು ಹೆಜ್ಜೆ ಸರಿಸಿದರು. ಗಾಣಿಗರ ಓಣಿಯವರೂ ಕೆಳಗಿನ ಓಣಿಯವರೂ ಹಾಗೆಯೇ ಮಾಡಿದರು. ಗೆರೆಗಳು ಒಂದಕ್ಕೊಂದು ಕೂಡಿ ಚೌಕದ ನಡುವೆ ಒಂದು ಅಂಗಳದಷ್ಟು ನೆಲ ಹೊರಗುಳಿಯಿತು. ಅದು ಈಗ ಯಾವ ಓಣಿಯದೂ ಅಲ್ಲ. ಓಣಿಯದಲ್ಲದ್ದು ಊರಿನದೂ ಅಲ್ಲ ಎಂದು ಯಜಮಾನ ಹೇಳಿದ. ಗಡಿಕಲ್ಲಿನ ಈಚೆ ಇರುವುದರಿಂದ ದೊಡ್ಡೂರಿನದೂ ಅಲ್ಲ. ಯಾರೋ ಡೊಳ್ಳು ತರಲೇ ಎಂದು ಕೇಳಿದರು. ಈಗ ಬೇಡ ಎಂದ ಯಜಮಾನ. ಮುಖ ತಪ್ಪಿಸಿ ಎಲ್ಲರೂ ಹೊರಟುಹೋದರು. ಹೋಗುವಾಗ ಸುಣ್ಣದ ಗೆರೆಯನ್ನು ಯಾರೂ ತುಳಿಯಲಿಲ್ಲ.

ಎರಡು ದಿನ ಅವರಿಬ್ಬರು ಹಾಗೆಯೇ ಇದ್ದರು. ಹಾಯುವವರು ಗೆರೆಯ ಆಚೆಯಿಂದ ರೊಟ್ಟಿ ಎಸೆದು ಹೋಗುತ್ತಿದ್ದರು. ಬರುವವರು ಹೋಗುವವರು ಅವರನ್ನು ಬಳಸಿ ನಡೆಯಲು ಕಲಿತರು. ಹುಲಿಗೆವ್ವ ಒಂದು ದಿಕ್ಕನ್ನೇ ನೋಡುತ್ತ ಕೂತಿದ್ದಳು.

ಮೂರನೆಯ ಬೆಳಿಗ್ಗೆ ತಿಪ್ಪವ್ವ, "ಒಂದೀಟು ಅಲುಗಾಡು. ನಿನ್ನ ಕಾಲು ನನಗ ಕಲ್ಲಿನಂಗ ಆಗ್ಯಾವ" ಎಂದಳು.

ಹುಲಿಗೆವ್ವ ಅಲುಗಾಡಲು ನೋಡಿದಳು. ಆಗಲಿಲ್ಲ. ಕಾಲಿನ ಕಡೆ ನೋಡಿದಳು. ಅವು ಅಲ್ಲೇ ಚಾಚಿಕೊಂಡಿದ್ದವು, ಆದರೆ ಅವಳ ಮಾತು ಅವುಗಳ ತನಕ ಹೋಗುತ್ತಿರಲಿಲ್ಲ.

"ಕಾಲು ಇಲ್ಲವ್ವಾ" ಎಂದಳು.

"ಇಲ್ಲ ಅಂದ್ರ?"

"ಇಲ್ಲ."

ತಿಪ್ಪವ್ವ ಅವಳ ಮುಖವನ್ನು ನೋಡಿದಳು. ಹುಣಸೆಮರದ ಕೆಳಗಿನ ಆ ದಿನ ತನ್ನ ಬಾಯಿಂದಲೂ ಇದೇ ಮಾತು ಬಂದಿತ್ತೋ ಏನೋ, ನೆನಪಿರಲಿಲ್ಲ. ಅವಳು ಗೆರೆಯ ಆಚೆ ನೋಡಿದಳು. ಒಬ್ಬ ಹೆಂಗಸು ಸೊಪ್ಪಿನ ಬುಟ್ಟಿ ಹೊತ್ತು ಬಳಸಿಕೊಂಡು ಹೋಗುತ್ತಿದ್ದಳು. ಕೂಗಿದರೆ ಕೇಳಿಸುವಷ್ಟು ಹತ್ತಿರ ಇದ್ದಳು. ತಿಪ್ಪವ್ವ ಕೂಗಲಿಲ್ಲ.

ಅವಳು ಹುಲಿಗೆವ್ವನ ತೋಳನ್ನು ತನ್ನ ಸೊಂಟದಿಂದ ಬಿಡಿಸಿದಳು. ಅಂಗೈ ನೆಲಕ್ಕೆ ಊರಿದಳು. ಮಣ್ಣು ಅಂಗೈಗೆ ಒತ್ತಿತು. ಎರಡನೆಯ ಅಂಗೈಯನ್ನೂ ಊರಿ, ಮೈಯನ್ನು ಎತ್ತಿ, ಮಡಿಲಿನಿಂದ ಜಾರಿ ನೆಲದ ಮೇಲೆ ಕೂತಳು. ಯಾರೂ ಅವಳನ್ನು ಇಳಿಸಲಿಲ್ಲ. ಅವಳೇ ಇಳಿದಳು. ಸೊಪ್ಪಿನ ಬುಟ್ಟಿಯವಳು ನಿಂತಳು.

ಏನೂ ಆಗಲಿಲ್ಲ.

ತಿಪ್ಪವ್ವ ಹುಲಿಗೆವ್ವನ ಬಲಗಾಲನ್ನು ತನ್ನ ಕಡೆ ಎಳೆದುಕೊಂಡಳು. ನಾರು ಹೊಸೆದ ಕೈಗಳು. ಹಿಮ್ಮಡಿಯಿಂದ ಶುರು ಮಾಡಿ ಮೇಲಕ್ಕೆ ತಿಕ್ಕಿದಳು, ಮೀನಖಂಡವನ್ನು ಎರಡು ಕೈಯಲ್ಲಿ ಹಿಂಡಿದಳು, ಮತ್ತೆ ಹಿಮ್ಮಡಿಗೆ ಬಂದಳು. ಬಿಸಿಲು ಏರಿತು. ಅವಳು ನಿಲ್ಲಿಸಲಿಲ್ಲ. ಬಲಗಾಲು ಮುಗಿಸಿ ಎಡಗಾಲು, ಎಡಗಾಲು ಮುಗಿಸಿ ಬಲಗಾಲು.

ಬಹಳ ಹೊತ್ತಿನ ಮೇಲೆ ಹುಲಿಗೆವ್ವನ ತುಟಿ ಬಿಗಿಯಿತು.

"ನೋಯಾಕತ್ತೈತಿ" ಎಂದಳು.

"ನೋಯ್ಲಿ" ಎಂದಳು ತಿಪ್ಪವ್ವ, ತಿಕ್ಕುತ್ತಲೇ.

"ಸೂಜಿ ಚುಚ್ಚಿದಂಗ ಆಗ್ತೈತಿ. ಎಲ್ಲಾ ಕಡೆ."

"ಆಗ್ಲಿ."

ನೋವು ಹಿಮ್ಮಡಿಯಿಂದ ಮೊಣಕಾಲಿಗೆ ಬಂತು, ಮೊಣಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಬೆನ್ನಿಗೆ. ಎಷ್ಟೋ ತಿಂಗಳ ಇಟ್ಟಿಗೆ, ಎಷ್ಟೋ ತಿಂಗಳ ಮಂಚ, ಎಲ್ಲವೂ ಒಟ್ಟಿಗೆ ಬಂದವು. ಹುಲಿಗೆವ್ವನ ಕಣ್ಣಿಂದ ನೀರು ಸುರಿಯಿತು. ಅದನ್ನು ಒರೆಸಿಕೊಳ್ಳಬೇಕೆಂದು ಅವಳಿಗೆ ತೋಚಲಿಲ್ಲ. ತಿಪ್ಪವ್ವ ಆ ಕಡೆ ನೋಡಲಿಲ್ಲ, ಅವಳ ಕೈಗೆ ಕೆಲಸ ಇತ್ತು.

ಮಧ್ಯಾಹ್ನದ ಹೊತ್ತಿಗೆ ಹುಲಿಗೆವ್ವ ಎದ್ದು ನಿಂತಳು. ಬೀಳುವಂತಾದಳು, ಬೀಳಲಿಲ್ಲ. "ನೀರು ತರ್ತೀನಿ" ಎಂದು ಹೊರಟಳು. ಗೆರೆ ದಾಟುವಾಗ ಹಿಂದಿರುಗಿ ನೋಡಿದಳು. ತಿಪ್ಪವ್ವ ನೆಲದ ಮೇಲೆ ಕೂತಿದ್ದಳು. ಅವಳು ಅಲುಗಾಡುತ್ತಿರಲಿಲ್ಲ. ಯಾರ ಮೈಯ ಮೇಲೂ ಇಲ್ಲದೆ, ಅಲುಗಾಡದೆ ಕೂತ ತಿಪ್ಪವ್ವನನ್ನು ಹುಲಿಗೆವ್ವ ಅದೇ ಮೊದಲು ಕಂಡದ್ದು.

ಅವಳು ನೀರು ತರುವಷ್ಟರಲ್ಲಿ ಗೆರೆಯ ಹತ್ತಿರ ಗಾಣಿಗರ ಓಣಿಯ ಒಬ್ಬ ನಿಂತಿದ್ದ. ಬೆನ್ನಿನ ಮೇಲೆ ಏಳನೆಯ ಮಂಚದ ದರ್ಜಿ ಇದ್ದ. ದರ್ಜಿಯ ತಲೆ ಅವನ ಹೆಗಲ ಮೇಲೆ ವಾಲಿತ್ತು, ಕಣ್ಣು ತೆರೆದು ಮಿಟುಕುತ್ತಿತ್ತು. ಹೊತ್ತವನು ತಿಪ್ಪವ್ವನನ್ನೂ, ಅವಳ ಕೆಳಗಿನ ಮಣ್ಣನ್ನೂ ನೋಡುತ್ತಿದ್ದ.

"ಇದು ಯಾರ ನೆಲ?" ಎಂದ.

"ಯಾರದೂ ಅಲ್ಲ" ಎಂದಳು ತಿಪ್ಪವ್ವ.

ಅವನು ಹೆಜ್ಜೆ ಮುಂದಿಡಲಿಲ್ಲ, ಹಿಂದಿಡಲೂ ಇಲ್ಲ. ಹುಲಿಗೆವ್ವ ಕೊಡವನ್ನು ಇಳಿಸಿ ನಿಂತಳು.

ತಿಪ್ಪವ್ವ ಎರಡೂ ಅಂಗೈಯನ್ನು ನೆಲಕ್ಕೆ ಊರಿ, ಮೈಯನ್ನು ಎತ್ತಿ, ಒಂದು ಮೊಳದಷ್ಟು ಆಚೆ ಸರಿದಳು.